ಕಾಯಿಲೆ ಜಾಸ್ತಿಯಾದಾಗ ಫಾದರ್‌ರನ್ನು ಯಾವಾಗ ಕರೆಯಬೇಕು, ಹೇಗೆ ಕರೆಯಬೇಕು?

ಫಾದರ್ ಬಂದು ಎಣ್ಣೆ ಹಚ್ಚಿದರೆ ರೋಗಿ ಉಳಿಯುವುದಿಲ್ಲ ಅನ್ನುವ ಭಯ ಕಥೋಲಿಕ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಅದಕ್ಕೇ ಎಷ್ಟೋ ಜನ ಪ್ರಜ್ಞೆ ತಪ್ಪುವವರೆಗೆ, ವೆಂಟಿಲೇಟರ್ ಹಾಕುವವರೆಗೆ ಸುಮ್ನೆ ಕಾಯುತ್ತಾರೆ, ಆಮೇಲೆ ಮಧ್ಯರಾತ್ರಿ ಗಾಬರಿಯಲ್ಲಿ ಫೋನ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರೋಗಿಗಳ ಅಭ್ಯಂಗ ಸಂಸ್ಕಾರ, ಅಂದರೆ ಫಾದರ್ ಎಣ್ಣೆ ಹಚ್ಚಿ ಪ್ರಾರ್ಥಿಸುವ ಈ ವಿಧಿ, ಸಾಯುತ್ತಿರುವವರಿಗೆ ಮಾತ್ರ ಅಲ್ಲ ಎಂದು ಜಗತ್ತಿನ ಕಥೋಲಿಕ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟವಾಗಿ ಹೇಳಿದೆ. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಜೀವಕ್ಕೆ ಅಪಾಯ ಶುರುವಾಯಿತು ಅಂದರೆ ಸಮಯ ಬಂತು ಎಂದೇ ಲೆಕ್ಕ.

ನೆಗಡಿ, ಸಣ್ಣ ಜ್ವರಕ್ಕೆ ಇದು ಬೇಡ. ಗಂಭೀರ ಕಾಯಿಲೆಗಾಗಿ ಆಪರೇಷನ್ ಇದ್ದರೆ ಅದಕ್ಕೆ ಮೊದಲೇ ಪಡೆಯಬಹುದು. ದೊಡ್ಡ ರೋಗ ಇಲ್ಲದಿದ್ದರೂ ತೀರಾ ನಿತ್ರಾಣವಾಗಿರುವ ವಯಸ್ಸಾದವರು ಪಡೆಯಬಹುದು, ವಿಷಯ ಅರ್ಥವಾಗುವ ವಯಸ್ಸಿನ ಮಕ್ಕಳೂ ಪಡೆಯಬಹುದು. ಜೀವನದಲ್ಲಿ ಒಂದೇ ಸಲ ಅಂತೇನೂ ಇಲ್ಲ. ಗುಣವಾಗಿ ಮತ್ತೆ ಕಾಯಿಲೆ ಬಿದ್ದರೆ, ಅಥವಾ ಅದೇ ಕಾಯಿಲೆ ಉಲ್ಬಣವಾದರೆ, ಇನ್ನೊಮ್ಮೆ ಕೊಡುತ್ತಾರೆ.

ಮೊದಲು ರೋಗಿಯನ್ನೇ ಕೇಳಿ. ಅವರಿಗೆ ಗೊತ್ತಾಗದ ಹಾಗೆ ಫಾದರ್‌ರನ್ನು ಬಾಗಿಲಲ್ಲಿ ತಂದು ನಿಲ್ಲಿಸಿದರೆ ಅವರು ಬೆಚ್ಚಿಬೀಳುತ್ತಾರೆ. "ಫಾದರ್ ಬಂದು ಪ್ರಾರ್ಥನೆ ಮಾಡಲಿ, ನಿಮಗೂ ಧೈರ್ಯ ಬರುತ್ತೆ, ನಮಗೂ ಬರುತ್ತೆ" ಅಂದರೆ ಸಾಕು. ಬೇಡ ಅಂದರೆ ಒತ್ತಾಯ ಮಾಡಬೇಡಿ, ಎರಡು ದಿನ ಬಿಟ್ಟು ಮತ್ತೆ ಕೇಳಿ. ಬೇಗ ಶುರು ಮಾಡಿ ಅನ್ನುವುದು ಇದಕ್ಕೇ. ಮಾತಾಡುವ ಶಕ್ತಿ ಇರುವಾಗಲೇ ಫಾದರ್ ಬಂದರೆ ರೋಗಿ ಪಾಪನಿವೇದನೆ (ತನ್ನ ತಪ್ಪುಗಳನ್ನು ಫಾದರ್ ಮುಂದೆ ಗುಟ್ಟಾಗಿ ಹೇಳಿ ಕ್ಷಮೆ ಪಡೆಯುವುದು) ಮಾಡಬಹುದು, ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಕೊಳ್ಳಬಹುದು, ತಾನೇ ಪ್ರಾರ್ಥನೆಗೆ ದನಿಗೂಡಿಸಬಹುದು.

ಫೋನ್ ಮಾಡುವಾಗ ಆಸ್ಪತ್ರೆ, ವಾರ್ಡ್, ಹಾಸಿಗೆ ನಂಬರ್ ಹೇಳಿ. ಪ್ರಜ್ಞೆ ಇದೆಯಾ, ನುಂಗಲು ಆಗುತ್ತಾ, ಒಳಗೆ ಬಿಡುವ ಹೊತ್ತು ಯಾವುದು, ಸೋಂಕಿನ ಭಯ ಇದೆಯಾ ಎನ್ನುವುದನ್ನೂ ಹೇಳಿ. ಅಭ್ಯಂಗ ಕೊಡಲು ಗುರುಗಳು (ಫಾದರ್) ಅಥವಾ ಧರ್ಮಾಧ್ಯಕ್ಷರೇ (ಬಿಷಪ್) ಬೇಕು, ಸಿಸ್ಟರ್‌ಗಳಾಗಲಿ ಡೀಕನ್ (ಗುರುಗಳಿಗಿಂತ ಕೆಳಗಿನ ದರ್ಜೆಯ ಧರ್ಮಸೇವಕರು) ಆಗಲಿ ಕೊಡುವಂತಿಲ್ಲ. ಆದರೆ ಪರಮಪ್ರಸಾದವನ್ನು (ಪೂಜೆಯಲ್ಲಿ ಕ್ರಿಸ್ತನ ದೇಹ, ರಕ್ತ ಎಂದು ನಂಬಿ ಸ್ವೀಕರಿಸುವ ರೊಟ್ಟಿ, ದ್ರಾಕ್ಷಾರಸ) ಡೀಕನ್ ತರಬಹುದು, ಅದಕ್ಕೆಂದೇ ನೇಮಕವಾದ ಸಿಸ್ಟರ್‌ಗಳು ಅಥವಾ ಭಕ್ತರೂ ತರಬಹುದು. ನಿಮ್ಮ ಧರ್ಮಕೇಂದ್ರದ ಫಾದರ್ ಸಿಗದಿದ್ದರೆ ಬೇರೆ ಯಾವ ಗುರುಗಳನ್ನಾದರೂ ಕರೆಯಿರಿ.

ಮನೆಯಲ್ಲಾದರೆ ಹಾಸಿಗೆ ಪಕ್ಕ ಒಂದು ಪುಟ್ಟ ಮೇಜು, ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ ಇಡಿ. ಆಕ್ಸಿಜನ್ ಹಾಕಿದ್ದರೆ ಬತ್ತಿ ಹಚ್ಚಲೇಬೇಡಿ! ಕುಡಿಯಲು ನೀರು ಇರಲಿ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ರೋಗಿಗೂ ಇಲ್ಲ, ನೋಡಿಕೊಳ್ಳುವವರಿಗೂ ಇಲ್ಲ. ಪಾಪನಿವೇದನೆಯ ಹೊತ್ತಿಗೆ ಎಲ್ಲರೂ ಹೊರಗೆ ಹೋಗಿ, ಮುಗಿದ ಮೇಲೆ ಒಳಗೆ ಬಂದು ಜೊತೆಗೆ ಪ್ರಾರ್ಥಿಸಿ.

ಫಾದರ್ ಮೌನವಾಗಿ ರೋಗಿಯ ತಲೆ ಮೇಲೆ ಕೈಯಿಡುತ್ತಾರೆ. ಆಮೇಲೆ ಹಣೆಗೆ, ಎರಡೂ ಕೈಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತಾರೆ. ರೋಗಿಯಾದವನು ಸಭೆಯ (ಕ್ರೈಸ್ತ ಧರ್ಮಸಭೆಯ) ಹಿರಿಯರನ್ನು ಕರೆಸಲಿ, ಅವರು ಪ್ರಭುವಿನ ಹೆಸರಿನಲ್ಲಿ ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದು ಬೈಬಲಿನ ಯಕೋಬನ ಪತ್ರದ 5ನೇ ಅಧ್ಯಾಯದಲ್ಲಿದೆಯಲ್ಲ, ಅದೇ ಇದು. ಐಸಿಯುನಲ್ಲಿ ಸಮಯ ಇಲ್ಲದಿದ್ದರೆ ಹಣೆಗೆ ಒಂದು ಸಲ ಹಚ್ಚಿದರೂ ಸಂಸ್ಕಾರ ಪೂರ್ತಿಯೇ. ಪ್ರಜ್ಞೆ ತಪ್ಪಿದವರಿಗೂ ಕೊಡುತ್ತಾರೆ, ಎಚ್ಚರ ಇದ್ದಿದ್ದರೆ ಕೇಳುತ್ತಿದ್ದರು ಅಂತ ಅನಿಸಿದರೆ ಸಾಕು. ಇದರಿಂದ ಬಲ, ಸಮಾಧಾನ, ಪಾಪಕ್ಷಮೆ ಸಿಗುತ್ತದೆ, ದೇವರ ಚಿತ್ತವಿದ್ದರೆ ದೇಹವೂ ಗುಣವಾಗುತ್ತದೆ ಎಂದು ಸಭೆ ನಂಬುತ್ತದೆ. ಹಾಗಂತ ಔಷಧಿ ಬಿಡುವ ಮಾತೇ ಇಲ್ಲ.

ನೋವಿನ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. "ಯೇಸುವೂ ನೋವು ತಿಂದರು, ನೀನೂ ತಡ್ಕೋ" ಅಂತ ರೋಗಿಗೆ ಯಾರೂ ಹೇಳಬಾರದು. ತನ್ನ ನೋವನ್ನು ಕ್ರಿಸ್ತನ ಶಿಲುಬೆಗೆ ಸೇರಿಸಿ ಅರ್ಪಿಸುವುದು ರೋಗಿ ತಾನಾಗಿ ಮಾಡಬೇಕಾದದ್ದು, ಪಕ್ಕದಲ್ಲಿ ಆರೋಗ್ಯವಾಗಿ ಕೂತವರು ಹೇರುವಂಥದ್ದಲ್ಲ, ಅಲ್ವಾ? ನೋವು ತಗ್ಗಿಸುವುದೇ ಉದ್ದೇಶವಾಗಿದ್ದು ಬೇರೆ ದಾರಿ ಇಲ್ಲದಿದ್ದರೆ, ಆಯಸ್ಸು ಸ್ವಲ್ಪ ಕಡಿಮೆಯಾಗುವ ಸಾಧ್ಯತೆ ಇದ್ದರೂ ನೋವಿನ ಔಷಧಿ ಕೊಡಬಹುದು ಎಂದು ಪೋಪ್ 12ನೇ ಪಿಯುಸ್ 1957ರಲ್ಲೇ ವೈದ್ಯರಿಗೆ ಹೇಳಿದ್ದರು. ಫಲ ಕಾಣದ, ರೋಗಿಗೆ ಬರೀ ಹಿಂಸೆಯಾಗುವ ಚಿಕಿತ್ಸೆ ಬೇಡ ಎನ್ನುವುದೂ ಪಾಪವಲ್ಲ. ಬೇಕೆಂದೇ ಪ್ರಾಣ ತೆಗೆಯುವ ದಯಾಮರಣವನ್ನು ಮಾತ್ರ ಸಭೆ ಒಪ್ಪುವುದಿಲ್ಲ. ಚಿಕಿತ್ಸೆ ನಿಲ್ಲಿಸಿದರೂ ಆರೈಕೆ ನಿಲ್ಲಿಸುವಂತಿಲ್ಲ.

ಕೊನೆಗಾಲ ಹತ್ತಿರವಾದರೆ ಮುಖ್ಯವಾದದ್ದು ಪರಮಪ್ರಸಾದ. ಅದು ಆ ಪಯಣಕ್ಕೆ ಬುತ್ತಿ. ನುಂಗಲು ಕಷ್ಟವಾದರೆ ಚಿಕ್ಕ ತುಣುಕು ಸಾಕು. ಅದೂ ಆಗದಿದ್ದರೆ ದ್ರಾಕ್ಷಾರಸದ ರೂಪದಲ್ಲೇ ಕೊಡಬಹುದು, ಇದನ್ನು ಫಾದರ್‌ಗೆ ಮೊದಲೇ ತಿಳಿಸಿ.

ಜೀವ ಹೋಗಿರುವುದು ಖಚಿತವಾದ ಮೇಲೆ ಅಭ್ಯಂಗ ಇಲ್ಲ. ಸಂಶಯ ಇದ್ದರೆ ಕೊಡುತ್ತಾರೆ, ಇಲ್ಲವಾದರೆ ಮೃತರಿಗಾಗಿ ಪ್ರಾರ್ಥಿಸುತ್ತಾರೆ. ಫಾದರ್ ಬರುವಷ್ಟರಲ್ಲಿ ತೀರಿಕೊಂಡರು ಎಂದು ಕೊರಗುವವರು ಇದನ್ನು ತಿಳಿದಿರಬೇಕು: ಸಾಯುವ ಹೊತ್ತಿಗೆ ಗುರುಗಳು ಸಿಗದಿದ್ದರೂ, ಬದುಕಿದ್ದಾಗ ಪ್ರಾರ್ಥನೆಯ ರೂಢಿ ಇಟ್ಟುಕೊಂಡು ದೇವರ ಕಡೆ ಮನಸ್ಸಿಟ್ಟವರಿಗೆ ಸಭೆ ತಾನೇ ಪೂರ್ಣ ದಂಡವಿಮೋಚನೆ (ಕ್ಷಮೆಯಾದ ಪಾಪಗಳಿಗೆ ಉಳಿದ ಶಿಕ್ಷೆಯ ಪೂರ್ತಿ ಮನ್ನಾ) ಕೊಡುತ್ತದೆ.