ಮಾಡಿನ ಗುತ್ತಿಗೆದಾರರನ್ನು ಮಳೆಗಾಲದಲ್ಲೇ ಹುಡುಕಿದೆ

ಉಡುಪಿ ಜಿಲ್ಲೆಯ ಕಟಪಾಡಿ ಸಮೀಪದ ನಮ್ಮ ಹಂಚಿನ ಮನೆಯ ಮಾಡನ್ನು, ಅಂದರೆ ಛಾವಣಿಯನ್ನು, ಪೂರ್ತಿ ಬದಲಿಸಬೇಕೆಂದು ತೀರ್ಮಾನಿಸಿದ್ದು ಜುಲೈ ತಿಂಗಳಿನಲ್ಲಿ, ಪಡುಬದಿಯ ಕೋಣೆಯಲ್ಲಿ ನಾಲ್ಕು ಕಡೆ ಪಾತ್ರೆ ಇಟ್ಟು ಮಲಗಿದ ರಾತ್ರಿಯ ಮರುದಿನ. ಕೆಲಸ ಆರಂಭವಾಗುವುದು ಜನವರಿಯಲ್ಲೇ ಎಂದು ಗೊತ್ತಿದ್ದರೂ ಗುತ್ತಿಗೆದಾರರನ್ನು ಆಗಲೇ ಹುಡುಕತೊಡಗಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುವ ಈ ಕರಾವಳಿಯಲ್ಲಿ ಒಬ್ಬರ ಕೆಲಸದ ಗುಣ ಬೇಸಿಗೆಯಲ್ಲಿ ಕಾಣಿಸುವುದಿಲ್ಲ. ಅಲ್ಲದೆ ಮಾರ್ಚ್ ಕಳೆದ ಮೇಲೆ ಎಲ್ಲರಿಗೂ ಮೇ ಕೊನೆಯ ವೇಳೆಗೆ ಬರುವ ತುಳುನಾಡಿನ ಆಚರಣೆಯಾದ ಪತ್ತನಾಜೆಯ ಮೊದಲು ಕೆಲಸ ಮುಗಿಯಬೇಕಾಗಿರುವುದರಿಂದ, ಬಿಡುವಿರುವವರನ್ನೇ ಒಪ್ಪಿಕೊಳ್ಳಬೇಕಾಗುತ್ತದೆ.

ಮೂವರು ಗುತ್ತಿಗೆದಾರರಿಂದ, ಎರಡು ಮಳೆಗಾಲವಾದರೂ ಕಳೆದಿರುವ ಎರಡೆರಡು ಮನೆಗಳ ವಿಳಾಸ ಪಡೆದು, ಮಳೆ ಸುರಿಯುತ್ತಿರುವಾಗಲೇ ಹೋಗಿ ನೋಡಿದೆ. ಎರಡು ಮಾಡುಗಳು ಸೇರುವ ಒಳಮೂಲೆಯ ತಗಡು, ಮಾಡಿನ ನೆತ್ತಿಯ ಏಣಿನ ಸಿಮೆಂಟಿನ ಬಿರುಕು, ಒಳಗಿನಿಂದ ಪಕ್ಕಾಸುಗಳ (ಮಾಡನ್ನು ಹೊರುವ ಇಳಿಜಾರು ಮರಗಳ) ಮೇಲೆ ಕಾಣುವ ನೀರಿನ ಕಲೆ, ಇಷ್ಟನ್ನೇ ಗಮನಿಸಿದೆ. ಒಂದು ಮನೆಯ ಅಮ್ಮ, "ಮೊದಲ ವರ್ಷ ಒಂದು ಕಡೆ ಸೋರಿತ್ತು, ಹೇಳಿದ ಮೂರನೇ ದಿನಕ್ಕೆ ಬಂದು ಸರಿಮಾಡಿ ಹೋದರು" ಎಂದರು. ಯಾವ ತೊಂದರೆಯೂ ಇಲ್ಲ ಎಂದವರ ಮಾತಿಗಿಂತ ಈ ಮಾತು ನನಗೆ ಹೆಚ್ಚು ಧೈರ್ಯ ಕೊಟ್ಟಿತು.

ಬಳಿಕ ಮೂವರನ್ನೂ ಮನೆಗೆ ಕರೆದೆ. ಮೊದಲನೆಯವರು ಅಂಗಳದಲ್ಲಿ ನಿಂತೇ ದರ ಹೇಳಿದರು. ಎರಡನೆಯವರ ಮೊತ್ತ ಎಲ್ಲರಿಗಿಂತ ಕಡಿಮೆಯಿತ್ತು. ಕಾರಣ ಹುಡುಕಿದಾಗ, ಅವರು ನೆಲದ ಅಳತೆಯನ್ನೇ ಮಾಡಿನ ಅಳತೆಯೆಂದು ಹಿಡಿದದ್ದು ತಿಳಿಯಿತು. ಮಾಡಿನ ಇಳಿಜಾರು 30 ಡಿಗ್ರಿಯಿದ್ದರೆ ಅದರ ವಿಸ್ತೀರ್ಣ ಕೆಳಗಿನ ನೆಲಕ್ಕಿಂತ ಶೇಕಡಾ 15ರಷ್ಟು ಹೆಚ್ಚಾಗುತ್ತದೆ, ಹೊರಚಾಚಿದ ಸೂರಿನ ಲೆಕ್ಕ ಬೇರೆ. ಈ ವ್ಯತ್ಯಾಸ ಕೆಲಸದ ನಡುವೆ ಹೆಚ್ಚುವರಿ ಬಿಲ್ಲಾಗಿ ಬರುತ್ತಿತ್ತು. ಆದ್ದರಿಂದ ಇಳಿಜಾರಿನ ಉದ್ದಕ್ಕೆ ನಾನೇ ಟೇಪು ಹಿಡಿದು, ಮೂವರಿಗೂ ಒಂದೇ ಅಳತೆ ಕೊಟ್ಟು, ಮರ, ಹಂಚು, ಕೂಲಿ, ಹಳೆಯದನ್ನು ಇಳಿಸುವ ಖರ್ಚು ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿಕೊಂಡೆ.

ಮೂರನೆಯವರು ಅಟ್ಟ ಹತ್ತಿ ಒಂದೊಂದೇ ಪಕ್ಕಾಸನ್ನು ಉಳಿಯಿಂದ ಚುಚ್ಚಿ ನೋಡಿದರು. ಗೋಡೆಯ ಮೇಲೆ ಕುಳಿತ ತುದಿಗಳಲ್ಲಿ ಗೆದ್ದಲು ಹಿಡಿದಿದ್ದರೂ ನಡುವಿನ ಹಲಸಿನ ತೊಲೆ ಗಟ್ಟಿಯಿದೆ, ಅದನ್ನು ತೆಗೆಯುವುದು ಬೇಡ ಎಂದರು. ಹಳೆಯ ಹಂಚುಗಳನ್ನು ಬೆರಳಿನಿಂದ ತಟ್ಟಿ, ಕಂಚಿನಂತೆ ದನಿ ಕೊಡುವುದನ್ನು ಒಂದು ಕಡೆ, ಮಂಕು ದನಿಯದನ್ನು ಇನ್ನೊಂದು ಕಡೆ ಇಟ್ಟರು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮದಿಂದ ಎಷ್ಟೋ ಕಾರ್ಖಾನೆಗಳು ಹುಟ್ಟಿದವು. ನೋಡಲು ಒಂದೇ ಆಕಾರವಾದರೂ ಅವುಗಳ ಹಂಚಿನ ಅಳತೆಯಲ್ಲಿ ಮತ್ತು ಒಂದಕ್ಕೊಂದು ಕೂರುವ ಗಾಡಿಗಳಲ್ಲಿ ಸಣ್ಣ ವ್ಯತ್ಯಾಸಗಳಿವೆ. ಹಿಂದೊಮ್ಮೆ ದುರಸ್ತಿಗೆ ಬಂದವರೊಬ್ಬರು ಬೇರೆ ಬೇರೆ ಕಡೆಯ ಹಂಚುಗಳನ್ನು ಬೆರೆಸಿ ಹಾಕಿದ್ದೇ ಪಡುಬದಿ ಸೋರಲು ಕಾರಣವೆಂದು ಇವರು ಎರಡು ಹಂಚುಗಳನ್ನು ಜೋಡಿಸಿ ತೋರಿಸಿದಾಗ ನನಗೆ ಅರ್ಥವಾಯಿತು. ಕೆಲಸ ಇವರಿಗೇ ಎಂದು ಅಂದೇ ನಿರ್ಧರಿಸಿದೆ.

ಗಟ್ಟಿಯಿದ್ದ ಹಳೆಯ ಹಂಚುಗಳನ್ನು ಕೊಟ್ಟಿಗೆಗೆ ಮೀಸಲಿಟ್ಟು, ಮನೆಗೆಲ್ಲ ಒಂದೇ ಕಾರ್ಖಾನೆಯ ಹಂಚು ತರಿಸಿದೆವು. 100 ಚದರ ಅಡಿಗೆ ಸುಮಾರು 140 ಹಂಚು ಬೇಕು. ಒಡೆಯುವುದನ್ನೂ ಸೇರಿಸಿ 150ರಂತೆ ಲೆಕ್ಕ ಹಾಕಿದೆವು. ಹೊಸ ಹಂಚು ಕೈಗೆ ಬಂದ ಮೇಲೆಯೇ ಹಂಚು ಕೂರುವ ಅಡ್ಡಪಟ್ಟಿಗಳಾದ ರೀಪಿನ ಅಂತರ ಗುರುತಿಸಬೇಕೆಂಬುದು ಅವರದೇ ಷರತ್ತು. ಕಡಲಗಾಳಿಗೆ ತುಕ್ಕು ಹಿಡಿಯದಂತೆ ಸತು ಲೇಪಿಸಿದ ಜಿಐ ಮೊಳೆ ಹಾಕಬೇಕೆಂಬುದನ್ನೂ ಕರಾರಿನಲ್ಲಿ ಬರೆದೆವು. ಹಣವನ್ನು ಮರ ಬಂದಾಗ, ಪಕ್ಕಾಸು ಕೂರಿಸಿದಾಗ, ಹಂಚು ಹೊದಿಸಿದಾಗ ಎಂದು ಹಂಚಿ, ಹತ್ತನೇ ಒಂದು ಪಾಲನ್ನು ಮೊದಲ ತಿಂಗಳ ಮಳೆ ನೋಡಿದ ಮೇಲೆ ಕೊಡುವುದೆಂದು ಕೇಳಿದೆ. ಉಳಿದಿಬ್ಬರು ಇದಕ್ಕೆ ಒಪ್ಪಿರಲಿಲ್ಲ. ಇವರು ತಕ್ಷಣ ಸಹಿ ಹಾಕಿದರು.

ಜೂನ್ ಎರಡನೇ ವಾರದ ಗಾಳಿಮಳೆಗೆ ನೈಋತ್ಯ ಮೂಲೆಯಲ್ಲಿ ಹನಿ ಬಿತ್ತು. ಫೋನು ಮಾಡಿದ ಮರುದಿನ ಅವರೇ ಬಂದು ಸರಿದಿದ್ದ ಮೂರು ಹಂಚುಗಳನ್ನು ಕೂರಿಸಿದರು, ತಿಂಗಳ ಕೊನೆಗೆ ಬಾಕಿ ಹಣ ಕೊಟ್ಟೆ. ಮಿಕ್ಕಿದ ಅರುವತ್ತು ಹಂಚುಗಳನ್ನು, ಮುಂದೆ ಒಡೆದರೆ ಅದೇ ಅಳತೆಯದು ಬೇಕಾಗುತ್ತದೆಂದು, ಬಾವಿಕಟ್ಟೆಯ ಹಿಂದೆ ಜೋಡಿಸಿಟ್ಟಿದ್ದೇನೆ.