ಕತ್ತಿಗೆ ಕೆಂಪು ಹಿಡಿದರೆ

2003ರಲ್ಲಿ ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ಬಾಯಲ್ಲೆಲ್ಲ ವೆನಿಲ್ಲಾದ್ದೇ ಮಾತು. ಹಸಿ ಕೋಡಿಗೇ ಕಿಲೋಗೆ ಸಾವಿರಾರು ರೂಪಾಯಿ ಎಂದು ಒಂದು ಮದುವೆ ಮನೆಯ ಪಂಕ್ತಿಯಲ್ಲಿ ಕಿವಿಗೆ ಬಿತ್ತು. ಮರುವಾರವೇ ಸಾಲ ಮಾಡಿ ಬಳ್ಳಿ ತಂದೆ. "ಹೂ ಬರಲು ಮೂರು ವರ್ಷ ಬೇಕಂತಲ್ಲ, ಅಲ್ಲಿಯತನಕ ಈ ದರ ಇರುತ್ತದೆಯೇನೋ?" ಎಂದು ಅಪ್ಪಯ್ಯ ಕೇಳಿದ್ದು ನನಗೆ ಅಪಶಕುನದಂತೆ ಕೇಳಿಸಿತು.

ಬಳ್ಳಿ ಹೂಬಿಡುವ ಹೊತ್ತಿಗೆ ದರ ನೆಲಕಚ್ಚಿತ್ತು. ವೆನಿಲ್ಲಾ ಹೂವು ಅರಳಿದ ದಿನವೇ ಬಾಡುತ್ತದೆ. ಬೆಳಗಿನ ಹೊತ್ತಿನಲ್ಲಿ ಒಂದೊಂದಕ್ಕೂ ಕಡ್ಡಿಯಿಂದ ಪರಾಗ ಮುಟ್ಟಿಸಬೇಕು. ಕೊಳ್ಳುವವರೇ ಇಲ್ಲದ ಕೋಡಿಗಾಗಿ ಆಯಿ ದಿನವೂ ಬೆಳಗಾಗುತ್ತಲೇ ಕಡ್ಡಿ ಹಿಡಿದು ತೋಟದಲ್ಲಿ ನಿಂತಿರುತ್ತಿದ್ದಳು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ನಾನು ಯಾವುದಕ್ಕೂ ಕೈಹಾಕಲು ಹೆದರುವವನಾದೆ. ಒಂದು ವರ್ಷ ಅಡಿಕೆಯ ಕೊಳೆರೋಗಕ್ಕೆ ಮೊದಲ ಮದ್ದು ಹೊಡೆಸುವುದನ್ನೂ ಮುಂದೂಡಿದೆ. ಬೋರ್ಡೋ ಮದ್ದು ಹೊಡೆಸುವುದೋ, ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟಿಸುವುದೋ? ಹತ್ತು ಜನರನ್ನು ಕೇಳಿದೆ, ಹತ್ತು ಉತ್ತರ ಬಂತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಎರಡು ಸಲ ಬಂದು ವಿಚಾರಿಸಿ ಹೋದ. ಕೊನೆಗೆ ನಾನೇ ಫೋನ್ ಮಾಡಿದಾಗ, "ಈಗ ಬೇರೆಯವರ ತೋಟ ಹಿಡಿದಿದ್ದೇನೆ, ಹೆಗಡೆಯವರೇ" ಎಂದ. ಅಷ್ಟರಲ್ಲಿ ಮಳೆ ಹಿಡಿಯಿತು. ಆಷಾಢದಲ್ಲಿ ತೋಟಕ್ಕೆ ಇಳಿದರೆ ಮರದ ಬುಡದಲ್ಲೆಲ್ಲ ಉದುರಿದ ಎಳೆಗಾಯಿ, ಅದರ ಮೇಲೆ ಬಿಳಿ ಬೂಸಲು.

ಮರುವರ್ಷ ಮದ್ದು ಕದಡುವ ಕೆಲಸವನ್ನು ನಾನೇ ಮಾಡಿದೆ. 50 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದು 50 ಲೀಟರ್ ನೀರಿಗೆ ಒಂದು ಕಿಲೋ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕದಡುತ್ತಿದ್ದರೆ ತಿಳಿನೀಲಿಯ ದ್ರಾವಣವಾಗುತ್ತದೆ. ಕೊನೆಗೌಡ ಉಜ್ಜಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದ. ಅಲಗಿಗೆ ಕೆಂಪು ಹಿಡಿಯಿತು. ತುತ್ತ ಹೆಚ್ಚಾಗಿದೆ ಎಂದರ್ಥ. ಹಾಗೇ ಹೊಡೆದರೆ ಗೊನೆ ಸುಡುತ್ತದೆ. ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಿದ. ಈ ಸಲ ಅಲಗು ಹಾಗೆಯೇ ಹೊಳೆಯುತ್ತಿತ್ತು. ಅವನು ಮತ್ತೊಂದು ಮಾತಾಡದೆ ಮರ ಹತ್ತಿದ. ಕದಡಿದ ಮದ್ದನ್ನು ಅವತ್ತೇ ಹೊಡೆದು ಮುಗಿಸಬೇಕು, ನಾಳೆಗೆ ಅದರ ಕಸುವು ಉಳಿಯುವುದಿಲ್ಲ.

ನಿರ್ಧಾರ ಮಾಡುವಾಗ ನನಗೆ ಬೇಕಾಗಿದ್ದದ್ದು ಅಂಥದೊಂದು ಕತ್ತಿ. ವೆನಿಲ್ಲಾ ನೆಡುವಾಗ ನಾನು ಕತ್ತಿ ಅದ್ದಿಯೇ ನೋಡಿರಲಿಲ್ಲ. ಮದ್ದು ಮುಂದೂಡಿದ ವರ್ಷ ಮತ್ತೆ ಮತ್ತೆ ಅದ್ದುತ್ತಲೇ ಉಳಿದೆ.

ಈಗ ನನ್ನಲ್ಲಿ ಒಂದು ಪಟ್ಟಿ ಪುಸ್ತಕವಿದೆ. ಋತುವಿಗೆ ಕಟ್ಟುಬಿದ್ದ ಕೆಲಸಗಳಿಗೆ ಯುಗಾದಿಯ ಹೊತ್ತಿಗೇ ದಿನಾಂಕ ಬರೆದಿಡುತ್ತೇನೆ. ಮೊದಲ ಮದ್ದಿಗೆ ಮೇ 25. ಎರಡನೆಯದು ಅಲ್ಲಿಂದ 40–45 ದಿನಕ್ಕೆ, ಮಳೆ ಹೊಳವಾದ ಕೂಡಲೇ. ಆ ದಿನ ಮಳೆ ಸುರಿಯದಿದ್ದರೆ ಕೆಲಸ ಶುರು, ಯಾರನ್ನೂ ಕೇಳುವುದಿಲ್ಲ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರುವುದಕ್ಕೂ ಇದೇ ಕ್ರಮ: ಮೂರು ಪಾಲು, ಮೂರು ತಿಂಗಳು. ಮಾರಿದ ಮೇಲೆ ದರ ಏರಿದಾಗ ಹೊಟ್ಟೆ ಉರಿಯುವುದುಂಟು, ಆದರೆ ಮೊದಲಿನಂತೆ ನಿದ್ದೆಗೆಡುವುದಿಲ್ಲ.

ಸಾಲ, ಹೊಸ ಬೆಳೆ, ಮರ ಕಡಿಯುವುದು ಇವೆಲ್ಲ ಮಾಡಿದ ಮೇಲೆ ಹಿಂದೆ ಬರಲಾಗದ ಕೆಲಸಗಳು. ಇವಕ್ಕೆ ಬೇರೆ ಪುಟ. ಪುಟದ ಮೇಲುಗಡೆ ಅಪ್ಪಯ್ಯನ ಪ್ರಶ್ನೆಯನ್ನೇ ಬರೆದಿದ್ದೇನೆ. ಕೆಳಗೆ ಬರೆದ ಉತ್ತರವನ್ನು ಒಂದು ತಿಂಗಳು ಬಿಟ್ಟು ಮತ್ತೆ ಓದುತ್ತೇನೆ. ಆಗಲೂ ಸರಿ ಎನಿಸಿದರೆ ಸಣ್ಣದಾಗಿ ಶುರು ಮಾಡುತ್ತೇನೆ. ಮೊದಲ ವರ್ಷವಂತೂ ಸಾಲವಿಲ್ಲ.

ಕಳೆದ ವರ್ಷ ಆ ಪುಟದಲ್ಲಿದ್ದದ್ದು ಜಾಯಿಕಾಯಿ. ಬೀಜದ ಸಸಿಯಾದರೆ ಗಂಡೋ ಹೆಣ್ಣೋ ಎಂದು ಹೂಬಿಡುವತನಕ ವರ್ಷಗಟ್ಟಲೆ ಕಾಯಬೇಕು, ಹಾಗಾಗಿ ಕಸಿ ಗಿಡಗಳನ್ನೇ ತಂದೆ. ಐವತ್ತು ಒಯ್ಯಿರಿ ಎಂದು ನರ್ಸರಿಯವರು ಒತ್ತಾಯ ಮಾಡಿದರು. ನಾಲ್ಕು ತಂದು ನೆಟ್ಟಿದ್ದೇನೆ. ಮೂರು ಚಿಗುರಿವೆ.