ನೆರೆ ಇಳಿದ ಮನೆಯ ಕೆಸರು

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಧಾರವಾಡದಿಂದ ನಾವು ಕೆಲವು ಗೆಳೆಯರು ರಾಮದುರ್ಗ ತಾಲ್ಲೂಕಿನ ಹೊಳೆದಂಡೆಯ ಒಂದು ಹಳ್ಳಿಗೆ ಹೋದೆವು. ಹಲವು ವರ್ಷ ಬಡಕಲಾಗಿ ಹರಿದಿದ್ದ ಹೊಳೆ ಅದು. ಪಾತ್ರದೊಳಗೇ ಜಾಲಿ ಬೆಳೆದಿತ್ತು, ಅಂಚಿನಲ್ಲಿ ಕಬ್ಬು ನಿಂತಿತ್ತು. ನವಿಲುತೀರ್ಥದ ಅಣೆಕಟ್ಟು ತುಂಬಿ ಗೇಟು ತೆರೆದಾಗ ನೀರು ತನ್ನ ಹಳೆಯ ಜಾಗವನ್ನೆಲ್ಲ ಕೇಳಿತು. ಕೆಳಗಡೆ ಪಟ್ಟದಕಲ್ಲಿನ ಗುಡಿಗಳೊಳಗೂ ನೀರು ಹೊಕ್ಕ ವರ್ಷ ಅದು.

ನಾವು ಮುಟ್ಟುವ ಹೊತ್ತಿಗೆ ನೀರು ಇಳಿದಿತ್ತು, ಕೆಸರು ಉಳಿದಿತ್ತು. ಎರೆ ಮಣ್ಣಿನ ಕೆಸರು ಹಸಿಯಿದ್ದಾಗ ಸಲಿಕೆಗೆ ಮೆತ್ತಿಕೊಂಡು ಬಿಡುವುದಿಲ್ಲ. ಒಣಗಿದರೆ ಹಾರೆಗೂ ಜಗ್ಗುವುದಿಲ್ಲ. ನಡುವಿನ ಕೆಲವು ದಿನಗಳೇ ಕೆಲಸಕ್ಕೆ ಹದ. ಸಲಿಕೆಯನ್ನು ಆಗಾಗ ನೀರಿನಲ್ಲಿ ಅದ್ದಿದರೆ ಮಣ್ಣು ತಾನೇ ಜಾರುತ್ತದೆ. ಅದಕ್ಕಿಂತ ಒಳ್ಳೆಯ ಸಾಧನ ಊರಿನಲ್ಲೇ ಇತ್ತು: ಕಣದಲ್ಲಿ ರಾಶಿ ಎಳೆಯುವ ಮರದ ಗೋರೆ. ಒಬ್ಬರು ಗೋರೆಯಿಂದ ಬಾಗಿಲಿನವರೆಗೆ ಎಳೆಯುವುದು, ಇನ್ನಿಬ್ಬರು ಬುಟ್ಟಿ ತುಂಬಿ ಸಾಗಿಸುವುದು. ತೆಗೆದ ಮಣ್ಣನ್ನು ಗೋಡೆಯ ಬುಡಕ್ಕೆ ಮಾತ್ರ ಹಾಕಬಾರದು.

ಗೋಡೆಯ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಆ ಊರಿನ ಹಳೆಯ ಮನೆಗಳೆಲ್ಲ ಮಣ್ಣಿನ ಗೋಡೆಯ ಮಾಳಿಗೆ ಮನೆಗಳು, ಮೇಲೆಯೂ ಮಣ್ಣಿನ ಭಾರ. ನೀರಿನ ನಡುವೆ ನಿಂತಿದ್ದ ಗೋಡೆ ನೀರು ಇಳಿದ ಮೇಲೆ ಕುಸಿಯುವುದುಂಟು, ಏಕೆಂದರೆ ಬುಡ ನೆನೆದು ಮೆತ್ತಗಾಗಿರುತ್ತದೆ, ಒತ್ತಿ ಹಿಡಿದಿದ್ದ ನೀರೂ ಹೋಗಿರುತ್ತದೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ಹೊಸ ಬಿರುಕು ಕಂಡರೆ, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡಿದ್ದರೆ ನಾವು ಒಳಗೆ ಕಾಲಿಡಲಿಲ್ಲ. ಮನೆಯವರು ಎಷ್ಟೇ ಬೇಡಿಕೊಂಡರೂ ಇಲ್ಲವೆನ್ನಬೇಕಾಗುತ್ತದೆ. ಆ ಕೆಲಸದಲ್ಲಿ ನನಗೆ ಅತಿ ಕಷ್ಟವೆನಿಸಿದ್ದು ಇದೇ. ಒಳಹೋಗಬಹುದಾದ ಮನೆಯಲ್ಲೂ ಲೈನ್‌ಮನ್ ಬಂದು ವಿದ್ಯುತ್ ಕಡಿದಿದ್ದಾನೆಂದು ಖಾತ್ರಿಯಾಗುವವರೆಗೆ ಹೊರಗೇ ಇದ್ದೆವು.

ಹಗೇವಿನ ಹತ್ತಿರವಂತೂ ಯಾರನ್ನೂ ಬಿಡಬಾರದು. ನೆಲದೊಳಗಿನ ಆ ಕಣಜದಲ್ಲಿ ಜೋಳ ನೆನೆದು ಹುಳಿತರೆ ಗಾಳಿ ಕೆಡುತ್ತದೆ, ಇಳಿದವನು ಕೂಗುವ ಮೊದಲೇ ಬೀಳುತ್ತಾನೆ. ಅವನನ್ನು ಎತ್ತಲು ಇಳಿದವನೂ ಹಾಗೆಯೇ. ನಾವು ಬಾಯಿ ತೆರೆದು, ಸುತ್ತ ಮುಳ್ಳು ಹಾಕಿ, ಹಾಗೆಯೇ ಬಿಟ್ಟೆವು.

ಕೆಸರು ಎತ್ತುವ ಮೊದಲು ಪ್ರತಿ ಕೋಣೆಯ ಫೋಟೋ ತೆಗೆಯುತ್ತಿದ್ದೆವು: ಗೋಡೆಯ ಮೇಲಿನ ನೀರಿನ ಗೆರೆ, ಬಿದ್ದ ತೊಲೆ, ಹಾಳಾದ ಸಾಮಾನು. ಆ ವರ್ಷ ಸರ್ಕಾರ ತುರ್ತು ಪರಿಹಾರವೆಂದು 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಹಾನಿಯ ಪ್ರಮಾಣಕ್ಕೆ ತಕ್ಕಂತೆ ಮಾಡಿದ ಎ, ಬಿ, ಸಿ ಎಂಬ ವರ್ಗಗಳಲ್ಲಿ ಮನೆ ಎಲ್ಲಿ ಸೇರುತ್ತದೆ ಎಂಬುದರ ಮೇಲೆ ಒಂದು ಕುಟುಂಬದ ಮುಂದಿನ ವರ್ಷಗಳು ನಿಂತಿದ್ದವು. ಬಿದ್ದ ಗೋಡೆಯನ್ನು, ಅಧಿಕಾರಿಗಳು ಬಂದು ಹಾನಿ ನೋಡಿ ಬರೆದುಕೊಳ್ಳುವ ಪಂಚನಾಮೆಗೆ ಮೊದಲೇ, ಅಚ್ಚುಕಟ್ಟಾಗಿ ಸಾಗಿಸುವ ಉತ್ಸಾಹಿ ತಂಡ ಆ ಮನೆಗೆ ಎರಡನೆಯ ನೆರೆ.

ಏನು ಕಸ, ಏನಲ್ಲ ಎಂದು ನಿರ್ಧರಿಸುವವರು ಮನೆಯವರು. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಕೆಸರು ತುಂಬಿದ ಕೌದಿಯನ್ನು ಬಿಡಲೊಲ್ಲೆ ಎಂದರು. ‘ಅವ್ವಾ, ಇದು ಒಗೆದರೂ ಬರುವುದಿಲ್ಲ’ ಎಂದ ನಮ್ಮ ಹುಡುಗನಿಗೆ, ‘ತಮ್ಮಾ, ಹೊಲಿದವಳು ನಾನು, ಒಗೆಯುವುದು ಹೇಗೆಂದು ನನಗೆ ಗೊತ್ತು’ ಎಂದು ಉತ್ತರ ಬಂತು. ನೀರು ಕುಡಿದ ಕೌದಿಯನ್ನು ಎತ್ತಲು ಮೂವರು ಬೇಕಾಯಿತು. ಅಜ್ಜಿ ಕಟ್ಟೆಯ ಮೇಲೆ ಕುಳಿತು ತುಳಿಸಿದರು, ನಾವು ತುಳಿದೆವು. ಪಹಣಿ, ಪಾಸ್‌ಬುಕ್, ಅಂಕಪಟ್ಟಿಗಳನ್ನು ಬಿಸಿಲಿಗೆ ಹಾಕದೆ, ಅಂಟಿದ ಹಾಳೆಗಳನ್ನು ಎಳೆಯದೆ, ಹಳೆಯ ಪತ್ರಿಕೆಗಳ ನಡುವೆ ಇಟ್ಟು ನೆರಳಿನಲ್ಲಿ ಒಣಗಿಸಿದೆವು.

ಬಾವಿಯ ಕೆಲಸವನ್ನು ಪಂಪು ಬಂದ ಮೇಲೆ ಹಿಡಿದೆವು. ಕೆಟ್ಟ ನೀರನ್ನು ಪೂರ್ತಿ ಹೊರಹಾಕಿ, ಹೊಸ ನೀರು ಒಸರಿದ ಮೇಲೆ ಬ್ಲೀಚಿಂಗ್ ಪುಡಿ. ಪುಡಿ ತಾಜಾ ಇದ್ದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಮಾನ್ಯ ಲೆಕ್ಕ; ನೆರೆಯ ನಂತರ ಹೆಚ್ಚು ಬೇಕಾಗಬಹುದು, ಅದನ್ನು ಆರೋಗ್ಯ ಸಿಬ್ಬಂದಿ ಪರೀಕ್ಷಿಸಿ ಹೇಳಬೇಕು. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು ಕೊಡದಿಂದ ಕಲಕಬೇಕು. ಕನಿಷ್ಠ ಒಂದು ಗಂಟೆ ಯಾರೂ ಸೇದಬಾರದು. ಪುಡಿಯನ್ನು ಊರ ತುಂಬ ರಂಗೋಲಿಯಂತೆ ಚೆಲ್ಲುವುದು ಫೋಟೋಗೆ ಚೆನ್ನ, ಬಾವಿಗೆ ಉಪಯೋಗವಿಲ್ಲ.

ಹಳೆಯ ಬಟ್ಟೆಯ ಲಾರಿಗಳ ಬಗ್ಗೆ ನನಗೆ ಇನ್ನೂ ಸಿಟ್ಟಿದೆ. ಹರಿದ ಪ್ಯಾಂಟು, ಬಣ್ಣ ಹೋದ ಸೀರೆಗಳ ರಾಶಿ ಶಾಲೆಯ ಮುಂದೆ ಮಳೆಯಲ್ಲಿ ನೆನೆದು, ಕೊನೆಗೆ ನಾವೇ ಅದನ್ನೂ ಕಸವೆಂದು ಸಾಗಿಸಬೇಕಾಯಿತು. ಈಗ ಹೋಗುವವರು ಯಾರಾದರೂ ಕೇಳಿದರೆ ಸಲಿಕೆ, ಬುಟ್ಟಿ, ತಾಡಪತ್ರಿ, ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್ ಒಯ್ಯಿರಿ ಎನ್ನುತ್ತೇನೆ. ನಿಮಗೆ ಗಮ್‌ಬೂಟು, ದಪ್ಪ ಕೈಗವಸು ಇರಲಿ. ಕಾಲಿನಲ್ಲಿ ಗಾಯವಿದ್ದರೆ ಕೆಸರಿಗೆ ಇಳಿಯಬೇಡಿ, ಇಲಿ ಜ್ವರ ಅಲ್ಲಿಂದಲೇ ಹೊಗುತ್ತದೆ. ಊಟ, ಕುಡಿಯುವ ನೀರು ನಿಮ್ಮವೇ ಇರಲಿ. ಹೊರಡುವ ಮೊದಲು ಪಂಚಾಯಿತಿಗೆ ಫೋನ್ ಮಾಡಿ. ಪಕ್ಕದ ಊರಿಗೆ ಜನ ಸಾಲದೆ ಇರಬಹುದು.